ಕಾರವಾರದಲ್ಲಿ ಡೆಸ್ಕ್‌ಟಾಪ್ ರಿಪೇರಿ: ಬಸ್ ಸ್ಟ್ಯಾಂಡ್ ಹತ್ರದ ಮಹಡಿ ಅಂಗಡಿ

ಕಂಪ್ಯೂಟರ್ ಆನ್ ಆಗ್ತಾ ಇಲ್ಲ ಅಂತಾದ್ರೆ ಕಾರವಾರದಲ್ಲಿ ನಾನು ಧೈರ್ಯವಾಗಿ ಹೇಳೂದು ಈ ಅಂಗಡಿನೇ. ಝೆರಾಕ್ಸ್ ಅಂಗಡಿ ಪಕ್ಕದ ಮೆಟ್ಟಿಲು ಹತ್ತಬೇಕು, ಬೋರ್ಡು ರಸ್ತೆಗೆ ಸರಿ ಕಾಣೂದಿಲ್ಲ.

ಮಳೆಗಾಲ ಶುರುವಾದ್ಮೇಲೆ ನಮ್ಮನೆ ಡೆಸ್ಕ್‌ಟಾಪ್ ಪವರ್ ಒತ್ತಿದ್ರೆ ಫ್ಯಾನ್ ತಿರಗ್ತದೆ, ಲೈಟ್ ಬರ್ತದೆ, ಆದ್ರೆ ಮಾನಿಟರಲ್ಲಿ ನೋ ಸಿಗ್ನಲ್, ಒಳಗಿಂದ ಬಿಟ್ಟೂಬಿಟ್ಟು ಉದ್ದ ಬೀಪ್. ಶಾಲೆಯ ಪ್ರಶ್ನೆಪತ್ರಿಕೆ ಎಲ್ಲಾ ಅದ್ರಲ್ಲೇ. ಮೊದಲು ಬೇರೆ ಕಡೆ ತೋರಿಸಿದ್ದೆ, ಅವ್ರು ಕ್ಯಾಬಿನೆಟ್ ಬಿಚ್ಚಿ ಸಹ ನೋಡದೆ ಮದರ್‌ಬೋರ್ಡ್ ಹೋಗಿದೆ ಹೊಸದೇ ತಗೊಳ್ಳಿ ಅಂದ್ಬಿಟ್ರು. ಬೋರ್ಡು ಪೂರ್ತಿ ಸತ್ತಿದ್ರೆ ಬೀಪಾದ್ರೂ ಎಲ್ಲಿಂದ ಬರ್ಬೇಕು ಹೇಳಿ!

ಇಲ್ಲಿ ಹುಡುಗ "ಅಕ್ಕೋರೆ ಕೂತ್ಕೊಳ್ಳಿ, ನಿಮ್ಮೆದುರೇ ಬಿಚ್ಚಿ ನೋಡುವ" ಅಂದ. ವೈರ್ ತೆಗೆದು, ಒಳಗೆ ಉಳಿದ ಕರೆಂಟ್ ಹೋಗ್ಲಿ ಅಂತ ಪವರ್ ಬಟನ್ ಒಮ್ಮೆ ಒತ್ತಿ ಹಿಡಿದು, ಆಮೇಲೆ ರ‍್ಯಾಮ್ (ಮೆಮೊರಿ ಪಟ್ಟಿ) ಹೊರಗೆ ತೆಗೆದ. ಬಂಗಾರದ ಬಣ್ಣದ ಆ ಹಲ್ಲುಗಳೆಲ್ಲಾ ಮಂಕಾಗಿದ್ವು. ಸಮುದ್ರದ ಉಪ್ಪುಗಾಳಿ, ಮೇಲಿಂದ ಮಳೆಗಾಲದ ತೇವ, ನಮ್ಮೂರಲ್ಲಿ ಇದು ಸಿಕ್ಕಾಪಟ್ಟೆ ಬರ್ತದಂತೆ. ಪೆನ್ಸಿಲ್ ರಬ್ಬರಲ್ಲಿ ಮೆಲ್ಲಗೆ ಉಜ್ಜಿ, ಸ್ಲಾಟಿಗೆ ಬ್ರಶ್ ಹೊಡೆದು, ಎರಡೂ ರ‍್ಯಾಮ್ ಒಟ್ಟಿಗೆ ಹಾಕ್ದೆ ಒಂದೊಂದನ್ನೇ ಹಾಕಿ ಆನ್ ಮಾಡಿ ನೋಡ್ದ, ಯಾವ್ದು ಕೆಟ್ಟಿದೆ ಅಂತ ಗೊತ್ತಾಗೂದು ಹಾಗೇನೇ. ಎರಡೂ ಚೆನ್ನಾಗೇ ಇತ್ತು, ಸ್ಕ್ರೀನ್ ಬಂತು.

ಅಷ್ಟಕ್ಕೇ ಕಳಿಸ್ಲಿಲ್ಲ ನೋಡಿ, ಅದೇ ನಂಗೆ ಇಷ್ಟ ಆಗಿದ್ದು. ತಾರೀಕು ಎಷ್ಟೋ ವರ್ಷ ಹಿಂದಿಂದು ತೋರಿಸ್ತಾ ಇತ್ತು, ಪ್ರತಿ ಸಲ ಎಫ್1 ಒತ್ತಿ ಅಂತ ಬರ್ತಿತ್ತು. ಕಂಪ್ಯೂಟರ್ ಆಫ್ ಇದ್ದಾಗ್ಲೂ ತಾರೀಕು ನೆನಪಿಡೂದು ಬೋರ್ಡಿನ ಸಣ್ಣ ಬಟನ್ ಸೆಲ್, ಸಿಆರ್2032 ಅಂತಾರೆ, 3 ವೋಲ್ಟಿಂದು, ಅದನ್ನ ಮೀಟರಿಗೆ ಹಿಡಿದು ಇಳಿದಿದೆ ಅಂತ ತೋರಿಸಿಯೇ ಬದಲಾಯಿಸ್ದ. ಬ್ಯಾಂಕ್ ಸೈಟ್ ಓಪನ್ ಆಗ್ದೆ ಸರ್ಟಿಫಿಕೇಟ್ ಎರರ್ ಬರ್ತಿದ್ದಿದ್ದು ಇದೇ ತಪ್ಪು ತಾರೀಕಿಂದ, ನಾನು ಇಂಟರ್ನೆಟ್ಟಿಂದೇ ಸಮಸ್ಯೆ ಅಂದ್ಕೊಂಡಿದ್ದೆ.

ಹಾರ್ಡ್ ಡಿಸ್ಕ್ ಹಳೇದು, ಮೊದ್ಲು ಫೈಲ್ ಎಲ್ಲಾ ಬೇರೆ ಕಡೆ ಕಾಪಿ ಮಾಡಿಟ್ಕೊಳ್ಳಿ, ಎಸ್‌ಎಸ್‌ಡಿ (ಹೊಸ ನಮೂನೆ ಫಾಸ್ಟ್ ಡಿಸ್ಕ್) ಆಮೇಲೆ ನಿಧಾನಕ್ಕೆ ಹಾಕಿಸಿದ್ರಾಯ್ತು ಅಂದ. ವಿಂಡೋಸ್ 10ಕ್ಕೆ ಉಚಿತ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಈ ಬೋರ್ಡಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಇಲ್ಲ, ಹಾಗಾಗಿ ಮೈಕ್ರೋಸಾಫ್ಟ್ ಒಪ್ಪುವ ರೀತಿಲಿ 11 ಹಾಕುವ ದಾರಿ ಇಲ್ಲ ಅಂತ್ಲೂ ಮುಚ್ಚುಮರೆ ಇಲ್ದೆ ಹೇಳ್ದ, ಆದ್ರೂ ಹೊಸ ಕಂಪ್ಯೂಟರ್ ತಗೊಳ್ಳಿ ಅಂತ ಬೆನ್ನು ಬೀಳ್ಲಿಲ್ಲ. ಸೆಲ್ಲು, ಕ್ಲೀನಿಂಗ್ ಎಲ್ಲಾ ಸೇರಿ 350 ರೂಪಾಯಿ ಕೊಟ್ಟೆ. ಹೊಸ ಬೋರ್ಡಿಗೆ ಸಾವಿರಗಟ್ಲೆ ಸುರಿಯೂದು ತಪ್ತು.

ಕೊರತೆ ಇಲ್ಲ ಅಂತಲ್ಲ. ಮೆಟ್ಟಿಲು ಕಡಿದು, ವಯಸ್ಸಾದೋರು ಕ್ಯಾಬಿನೆಟ್ ಹೊತ್ಕೊಂಡು ಹತ್ತೂದು ಕಷ್ಟ, ಕೆಳಗಿಂದ ಫೋನ್ ಮಾಡಿದ್ರೆ ಹುಡುಗ ಇಳಿದು ಬರ್ತಾನೆ, ಆದ್ರೆ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಎತ್ತೂದೇ ಇಲ್ಲ. ಸಿಡಿಲು ಬಡಿದ ಮರುದಿನ ಅಂತೂ ಸುಟ್ಟ ಮೋಡೆಮ್ಮು, ಎಸ್‌ಎಂಪಿಎಸ್ಸು (ಪವರ್ ಸಪ್ಲೈ ಡಬ್ಬಿ) ಹಿಡ್ಕೊಂಡು ಬಂದೋರೇ ತುಂಬಿರ್ತಾರೆ. ರಶೀದಿ ಕೇಳಿದ್ರೆ ಮಾತ್ರ ಬರ್ಕೊಡ್ತಾರೆ, ಕೇಳಿ ತಗೊಳ್ಳಿ.