ಮ್ಯೂನಿಕ್‌ನಿಂದ ಬುಡಾಪೆಸ್ಟ್‌ಗೆ ಕಾರ್ ಟ್ರಿಪ್ ಹಾಕ್ಕೊಂಡಿರೋರು ದಯವಿಟ್ಟು ಪೂರ್ತಿ ಓದಿ

ಬರೀಬೇಕೋ ಬೇಡ್ವೋ ಅಂತ ಇಷ್ಟು ದಿನ ಒದ್ದಾಡ್ದೆ, ನಾಚಿಕೆ ಆಗುತ್ತೆ ಹೇಳ್ಕೊಳ್ಳೋಕೆ. ಆರು ವರ್ಷದಿಂದ ಜರ್ಮನಿಲಿದೀನಿ, ಇಲ್ಲೇ ಟೆಸ್ಟ್ ಪಾಸ್ ಮಾಡಿ ಲೈಸೆನ್ಸ್ ತಗೊಂಡಿದೀನಿ, ಆದ್ರೂ ಒಬ್ಬ ಚೆನ್ನಾಗಿ ಕನ್ನಡ ಮಾತಾಡ್ದ ಅಂತ ಕಣ್ಮುಚ್ಚಿ 940 ಯೂರೋ ಕೊಟ್ಬಿಟ್ಟೆ. ಮೊನ್ನೆ ಆಸ್ಟ್ರಿಯಾದ ದಂಡದ ಕಾಗದ ಬಂದ್ಮೇಲೆ ಸುಮ್ನಿರಕ್ಕೆ ಆಗ್ತಿಲ್ಲ.

ಸೆಪ್ಟೆಂಬರ್ 2024ರಲ್ಲಿ ಅಪ್ಪ ಅಮ್ಮ ಅರಸೀಕೆರೆಯಿಂದ ಬಂದಿದ್ರು. ಅಪ್ಪ ಮೂವತ್ತೊಂದು ವರ್ಷ ಬಸ್ ಓಡ್ಸಿದೋರು, ಅವ್ರಿಗೆ ಇಲ್ಲಿನ ರೋಡ್ ತೋರಿಸ್ಬೇಕು ಅಂತ ನಂಗೆ ಆಸೆ, ಅದಕ್ಕೆ ಫ್ಲೈಟ್ ಬೇಡ, ಸಾಲ್ಜ್‌ಬರ್ಗ್, ಲಿಂಜ್, ವಿಯೆನ್ನಾ ಮೇಲೆ ಬುಡಾಪೆಸ್ಟ್‌ಗೆ ಕಾರಲ್ಲೇ ಹೋಗೋಣ ಅಂದೆ. ಸುಮಾರು 650 ಕಿಲೋಮೀಟರ್. ಆಫೀಸ್ ಕೆಲ್ಸದ ಮಧ್ಯೆ ಎಲ್ಲಾ ನಾನೇ ನೋಡ್ಕೊಳ್ಳೋಕೆ ಟೈಮ್ ಇರ್ಲಿಲ್ಲ, ವಾಟ್ಸಾಪ್ ಗ್ರೂಪಲ್ಲಿ ಒಬ್ಬ "ನಮ್ಮವ್ರಿಗೋಸ್ಕರ ಯುರೋಪ್ ಟ್ರಿಪ್ ಪ್ಯಾಕೇಜ್" ಅಂತ ಹಾಕಿದ್ದ, ಫೋನ್ ಮಾಡ್ದೆ.

ಫೋನಲ್ಲಿ ಬರೀ ಅಕ್ಕ ಅಕ್ಕ. "ಅಕ್ಕಾ ನೀವು ಟೆನ್ಷನ್ನೇ ತಗೋಬೇಡಿ, ಗಾಡಿ, ಬಾರ್ಡರ್ ಪರ್ಮಿಷನ್, ಎರಡೂ ದೇಶದ ವಿನ್ಯೆಟ್, ಫುಲ್ ಇನ್ಶೂರೆನ್ಸ್, ಎಲ್ಲಾ ಇದ್ರಲ್ಲೇ ಬಂತು. ಡೆಪಾಸಿಟ್ ಇಲ್ಲ. ನಿಮ್ಮ ಮನೆಯವ್ರು ಇಂಡಿಯನ್ ಲೈಸೆನ್ಸಲ್ಲೇ ಓಡಿಸ್ಬೋದು, ನಡೆಯುತ್ತೆ." (ವಿನ್ಯೆಟ್ ಅಂದ್ರೆ ಹೈವೇಲಿ ಓಡ್ಸೋಕೆ ಮುಂಚೆನೇ ತಗೋಬೇಕಾದ ಟೋಲ್ ಪಾಸ್.) ಅಪ್ಪ ಅಮ್ಮ ಬರ್ತಾರೆ ಅಂದಿದ್ದಕ್ಕೆ "ಹಾಗಾದ್ರೆ ದೊಡ್ಡ ಗಾಡಿ ಹಾಕ್ತೀನಿ ಅಕ್ಕ, ಅಮ್ಮಂಗೆ ಕಾಲು ನೋವಾಗ್ಬಾರ್ದು" ಅಂದ. ಅಷ್ಟಕ್ಕೇ ಕರಗಿ ಹೋದೆ. ದುಡ್ಡು ಪೇಪಾಲ್‌ನಲ್ಲಿ ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಆಪ್ಶನ್ ಹಾಕಿ ಕಳ್ಸಿ, ಇಲ್ಲಾಂದ್ರೆ ನಂಗೆ ಚಾರ್ಜ್ ಬೀಳುತ್ತೆ ಅಂದ, ಹಾಗೇ ಕಳ್ಸಿದೆ. ಆ ಆಪ್ಶನಲ್ಲಿ ಕಳ್ಸಿದ್ರೆ ಪೇಪಾಲ್‌ನ ಬಯರ್ ಪ್ರೊಟೆಕ್ಷನ್ ಸಿಗಲ್ಲ, ದುಡ್ಡು ಹೋದ್ರೆ ಹೋದಂಗೇ, ಇದು ನಂಗೆ ಆಮೇಲೆ ಗೊತ್ತಾಗಿದ್ದು.

ಎರಡೇ ದಿನಕ್ಕೆ ವಿನ್ಯೆಟ್ ಆಯ್ತು ಅಂತ ಸ್ಕ್ರೀನ್‌ಶಾಟ್ ಕಳ್ಸಿದ. ಎಷ್ಟು ಫಾಸ್ಟ್ ಅಂತ ಖುಷಿಪಟ್ಟೆ.

ಹೊರಡೋ ದಿನ ಬೆಳಿಗ್ಗೆ ಏಳೂವರೆಗೆ ಬಾಡಿಗೆ ಕಾರ್ ಕೌಂಟರ್. ಅಮ್ಮ ರಾತ್ರಿನೇ ಪುಳಿಯೋಗರೆ ಕಲ್ಸಿ ಡಬ್ಬಿಗೆ ಹಾಕಿದ್ರು, ಎಲ್ರೂ ಬ್ಯಾಗ್ ಇಟ್ಕೊಂಡು ನಿಂತಿದೀವಿ. ಕೌಂಟರಲ್ಲಿದ್ದ ಹುಡ್ಗಿ ವೋಚರ್ ನೋಡಿ, ಬುಡಾಪೆಸ್ಟ್‌ಗಾ, ಈ ಗಾಡಿ ಹಂಗೇರಿಗೆ ತಗೊಂಡು ಹೋಗಂಗಿಲ್ಲ ಅಂದ್ಲು. ದುಬಾರಿ ಬ್ರ್ಯಾಂಡ್ ಗಾಡಿಗಳನ್ನ ಪೂರ್ವದ ಕಡೆ ದೇಶಗಳಿಗೆ ಬಿಡದೇ ಇರೋ ರೆಂಟಲ್ ಕಂಪನಿಗಳು ಸುಮಾರಿವೆ, ಕಂಡೀಶನ್ಸಲ್ಲೇ ಬರ್ದಿರುತ್ತೆ. ನಮ್ಮ ವೋಚರಲ್ಲಿ ಬಾರ್ಡರ್ ಪರ್ಮಿಷನ್ನೂ ಇಲ್ಲ, ಎರಡನೇ ಡ್ರೈವರೂ ಇಲ್ಲ. ಅದಕ್ಕೆ 75 ಯೂರೋ ಬೇರೆ, ಗಾಡಿ ಬದಲಾಯ್ಸಿ ಚಿಕ್ಕದು, ಡೆಪಾಸಿಟ್ ಅಂತ ನನ್ನ ಕ್ರೆಡಿಟ್ ಕಾರ್ಡಲ್ಲಿ 800 ಬ್ಲಾಕ್. ನಮ್ಮ ಮನೆಯವ್ರ ಹೆಸ್ರು ಸೇರ್ಸಿ ಅಂದ್ರೆ, ಇಲ್ಲಿಗೆ ಬಂದು ಎಷ್ಟು ದಿನ ಆಯ್ತು ಅಂತ ಕೇಳಿದ್ಲು, ಒಂದೂವರೆ ವರ್ಷ ಅಂದೆ, ಆಗಲ್ಲ ಅಂದ್ಲು. ಜರ್ಮನಿಗೆ ಬಂದು ನೆಲೆಸಿ ಆರು ತಿಂಗ್ಳು ಆದ್ಮೇಲೆ ನಮ್ಮ ಇಂಡಿಯನ್ ಲೈಸೆನ್ಸ್ ಇಲ್ಲಿ ನಡೆಯಲ್ಲ, ಇಂಟರ್‌ನ್ಯಾಷನಲ್ ಪರ್ಮಿಟ್ ಇದ್ರೂ ನಡೆಯಲ್ಲ. ಲೈಸೆನ್ಸ್ ಇಲ್ದೆ ಓಡ್ಸಿದಂಗೆ ಲೆಕ್ಕ, ಅದು ಕ್ರಿಮಿನಲ್ ಕೇಸ್. ಅವ್ನ ಮಾತು ನಂಬಿ ಇವ್ರು ಸ್ಟಿಯರಿಂಗ್ ಹಿಡಿದು ಏನಾದ್ರೂ ಆಗಿದ್ದಿದ್ರೆ? ನೆನೆಸ್ಕೊಂಡ್ರೆ ಇವತ್ತಿಗೂ ಎದೆ ನಡುಗುತ್ತೆ.

ಅವಳ ಸ್ಕ್ರೀನ್ ನನ್ನ ಕಡೆ ತಿರುಗಿತ್ತು, ಬುಕಿಂಗ್ ಮೊತ್ತ 412 ಯೂರೋ. ನಾನು ಕೊಟ್ಟಿದ್ದು 940. ಅಪ್ಪ ಹಿಂದೆ ನಿಂತು "ಏನಂತೆ ಮಗ, ಏನಾದ್ರೂ ತೊಂದ್ರೆನಾ" ಅಂತ ಕೇಳ್ತಾನೇ ಇದಾರೆ, ನಾನು "ಏನಿಲ್ಲಪ್ಪ, ಫಾರ್ಮ್ ತುಂಬ್ಬೇಕಂತೆ" ಅಂದೆ.

ಆದ್ರೆ ಇದೆಲ್ಲ ಆಗಿದ್ಮೇಲೂ ವಿನ್ಯೆಟ್ ಬಗ್ಗೆ ನಂಗೆ ಅನುಮಾನ ಬರ್ಲಿಲ್ಲ ನೋಡಿ.

ವಾಲ್ಸರ್‌ಬರ್ಗ್ ಬಾರ್ಡರ್ ದಾಟಿ ಸಾಲ್ಜ್‌ಬರ್ಗ್ ಕಳೆದು ಮೋಂಡ್‌ಸೇ ರೆಸ್ಟ್ ಏರಿಯಾದಲ್ಲಿ ತಿನ್ನೋಕೆ ನಿಲ್ಸಿದ್ವಿ. ಅಪ್ಪಂಗೆ ಹಳೇ ಅಭ್ಯಾಸ, ಟ್ರಿಪ್ ಶೀಟ್ ನೋಡ್ದಂಗೆ ಎಲ್ಲಾ ಪೇಪರ್ ನೋಡ್ಬೇಕು, ಫೋನ್ ಈಸ್ಕೊಂಡು ಸ್ಕ್ರೀನ್‌ಶಾಟ್ ನೋಡಿ, ಕಾರಿನ ಮುಂದಕ್ಕೆ ಹೋಗಿ ನಂಬರ್ ಪ್ಲೇಟ್ ನೋಡಿ ಬಂದು, "ಇದ್ರಲ್ಲಿರೋದು ನಮ್ಮ ಗಾಡಿ ನಂಬರ್ ಅಲ್ವಲ್ಲ ಮಗ" ಅಂದ್ರು.

ಕೈಕಾಲು ತಣ್ಣಗಾಯ್ತು. ಡಿಜಿಟಲ್ ವಿನ್ಯೆಟ್ ನಂಬರ್ ಪ್ಲೇಟ್‌ಗೇ ಕಟ್ಟಿರುತ್ತೆ. ಬಾಡಿಗೆ ಕಾರಿನ ನಂಬರ್ ನಮಗೆ ಕೌಂಟರಲ್ಲಿ ಕೀ ಕೊಡೋವಾಗ್ಲೇ ಗೊತ್ತಾಗೋದು. ಹಾಗಾದ್ರೆ ಎರಡು ವಾರ ಮುಂಚೆ ಇವನು ಯಾವ ನಂಬರ್‌ಗೆ ತಗೊಂಡ? ಯಾರದೋ ಗಾಡಿದು, ಯಾವತ್ತಿಂದೋ. ಇಷ್ಟು ಸಣ್ಣ ವಿಷ್ಯ, ನಂಬರ್ರೇ ಇಲ್ದೆ ವಿನ್ಯೆಟ್ ಹೆಂಗೆ ಬರುತ್ತೆ ಅಂತ ನಾನು ಒಂದು ಸಲನೂ ಕೇಳ್ಕೊಳ್ಲಿಲ್ಲ. ಇನ್ನೊಂದು ಹೊಟ್ಟೆ ಉರಿ ಏನಂದ್ರೆ, ಬಾರ್ಡರಿಂದ ಸಾಲ್ಜ್‌ಬರ್ಗ್ ನಾರ್ಡ್ ಎಕ್ಸಿಟ್ ತನಕ ಆ ಹೈವೇಗೆ ವಿನ್ಯೆಟ್ ಬೇಕಾಗಿಲ್ಲ, ಅಲ್ಲಿಂದ ಮುಂದಕ್ಕೆ ಬೇಕು. ಕಾಲು ಗಂಟೆ ಮುಂಚೆ ಅಪ್ಪಂಗೆ ಫೋನ್ ಕೊಟ್ಟಿದ್ರೆ ಈ ದಂಡನೇ ಇರ್ತಿರ್ಲಿಲ್ಲ. ಅಲ್ಲೇ ಬಂಕಲ್ಲಿ ಹತ್ತು ದಿನದ್ದು 11.50 ಯೂರೋ ಕೊಟ್ಟು ತಗೊಂಡೆ, ಆದ್ರೆ ಅಷ್ಟೊತ್ತಿಗೆ ಕ್ಯಾಮೆರಾ ಕಣ್ಣಿಗೆ ಬಿದ್ದಾಗಿತ್ತು. 120 ಯೂರೋ, ಮೇಲೆ ರೆಂಟಲ್ ಕಂಪನಿಯವ್ರ ಪ್ರೊಸೆಸಿಂಗ್ ಚಾರ್ಜು. ಹಂಗೇರಿದೂ ಅದೇ ಕತೆ, ಹೆಗ್ಯೆಶ್‌ಹಾಲೋಮ್ ಬಾರ್ಡರ್ ಹತ್ರ ಮತ್ತೆ ನಿಲ್ಸಿ ಮತ್ತೆ ತಗೊಂಡೆ.

ಮೋಂಡ್‌ಸೇಯಿಂದ್ಲೇ ಅವನಿಗೆ ಮೆಸೇಜ್ ಹಾಕ್ದೆ. "ಅಕ್ಕ ಅದು ಟೆಂಪರರಿ ನಂಬರ್, ಸಿಸ್ಟಮಲ್ಲಿ ಆಟೋಮ್ಯಾಟಿಕ್ ಅಪ್‌ಡೇಟ್ ಆಗುತ್ತೆ, ನೀವು ಎಂಜಾಯ್ ಮಾಡಿ." ಎಂಜಾಯ್ ಮಾಡಿ ಅಂತೆ! ಟೆಂಪರರಿ ನಂಬರ್ ಅಂತ ಯಾವ್ದೂ ಇಲ್ಲ ರೀ. ನೀವು ಹಾಕಿರೋ ನಂಬರ್ ತಪ್ಪಾದ್ರೆ ತಪ್ಪೇ. ಫೋನ್ ಮಾಡ್ದೆ, ಎತ್ಲಿಲ್ಲ, "ಮೀಟಿಂಗಲ್ಲಿದೀನಿ ಅಕ್ಕ". ಮಾರನೇ ದಿನ 412 ವಿಷ್ಯ ಕೇಳಿದೆ ನೋಡಿ, ಅಕ್ಕ ಹೋಗಿ ಮೇಡಂ ಆಯ್ತು. "ಮೇಡಂ, ಮಿಕ್ಕಿದ್ದು ಪ್ಲಾನಿಂಗ್ ಚಾರ್ಜ್, ನಾನ್ ರಿಫಂಡಬಲ್." ಯಾವಾಗ ಹೇಳಿದ್ರಿ? "ಮೇಡಂ, ಟ್ರಿಪ್ ಆಯ್ತಲ್ಲ, ಬುಡಾಪೆಸ್ಟ್ ತಲುಪಿದ್ರಲ್ಲ?" ಈ ಮಾತು ಮರೆಯೋಕೆ ಆಗ್ತಿಲ್ಲ. ತಲುಪಿದ್ವಿ, ಹೌದು, ನಾನೊಬ್ಬಳೇ ಅಷ್ಟೂ ದೂರ ಓಡ್ಸಿ, ಹಿಂದೆ ಅಮ್ಮ ಮಂಡಿ ಮಡಚ್ಕೊಂಡು ಕೂತು. ದಂಡದ ಕಾಗದದ ಫೋಟೋ ಕಳ್ಸಿದ್ದಕ್ಕೆ "ಲಾಯರ್ ಮೂಲಕ ಮಾತಾಡೋಣ" ಅಂತ ಒಂದು ಲೈನ್ ಹಾಕಿ ಬ್ಲಾಕ್ ಮಾಡ್ದ. ಗ್ರೂಪಲ್ಲಿ ಹಾಕಿದ್ರೆ ಅಡ್ಮಿನ್ನು "ಪರ್ಸನಲ್ ವಿಷ್ಯ ಇಲ್ಲಿ ಬೇಡ" ಅಂತ ಡಿಲೀಟ್ ಮಾಡಿದ್ರು. ಪ್ಯಾಕೇಜ್ ಮಾರೋದು ಗ್ರೂಪ್ ವಿಷ್ಯ, ಮೋಸ ಹೋಗಿದ್ದು ಪರ್ಸನಲ್ ವಿಷ್ಯನಾ?

ದುಡ್ಡಿಗಿಂತ ಅಪ್ಪ ವಾಪಸ್ ಹೋಗೋವಾಗ ಹೇಳಿದ್ದು ನೋವಾಗಿದ್ದು, "ನಮ್ಮಿಂದ ನಿಂಗೆ ಸುಮ್ನೆ ಖರ್ಚಾಯ್ತು ಮಗ."

ಗಾಡಿ ನೀವೇ ಬುಕ್ ಮಾಡಿ, ಯಾವ ಯಾವ ದೇಶ ಅಂತ ಬರವಣಿಗೆಲಿ ತಗೊಳ್ಳಿ. ಗಾಡಿ ಕೀ ಕೈಗೆ ಬಂದ್ಮೇಲೆ, ಪ್ಲೇಟ್ ಮುಂದೆ ನಿಂತು, ವಿನ್ಯೆಟ್ ಅಧಿಕೃತ ಸೈಟಲ್ಲೋ ಬಾರ್ಡರ್ ಹತ್ರದ ಬಂಕಲ್ಲೋ ನೀವೇ ತಗೊಳ್ಳಿ, ಜರ್ಮನಿ ಗಾಡಿ ಆದ್ರೆ ದೇಶದ ಅಕ್ಷರ ಡಿ ಅಂತ ಸರಿಯಾಗಿದೆಯಾ ನೋಡಿ, ರಸೀದಿ ಎಸೀಬೇಡಿ. ಆಸ್ಟ್ರಿಯಾದ್ದಾದ್ರೆ ಅಲ್ಲಿನ ಹೈವೇ ನೋಡ್ಕೊಳ್ಳೋ ಕಂಪನಿ ಆಸ್ಫಿನಾಗ್ ಸೈಟಲ್ಲಿ ನಂಬರ್ ಹಾಕಿದ್ರೆ ಇದೆಯೋ ಇಲ್ವೋ ತೋರ್ಸುತ್ತೆ, ಎರಡು ನಿಮಿಷದ ಕೆಲ್ಸ. ನಮ್ಮೋರು ಅಂತ ಫ್ರೆಂಡ್ಸ್ ಅಂಡ್ ಫ್ಯಾಮಿಲಿಲಿ ದುಡ್ಡು ಮಾತ್ರ ಯಾರಿಗೂ ಹಾಕ್ಬೇಡಿ.

ಅವನು ಈಗ ಬೇರೆ ಗ್ರೂಪಲ್ಲಿ ಡಿಸೆಂಬರ್ ರಜಕ್ಕೆ ಮ್ಯೂನಿಕ್ ಟು ಪ್ರಾಗ್ ಅಂತ ಹಾಕಿದಾನೆ, ಅದೇ ಫೋಟೋ, ಅದೇ "ವಿನ್ಯೆಟ್ ಸೇರಿ" ಅನ್ನೋ ಲೈನು. ಚೆಕ್ ದೇಶದ್ದೂ 2021ರಿಂದ ಪ್ಲೇಟ್ ನಂಬರ್ ಮೇಲೇ ಇರೋದು. ಯಾರಾದ್ರೂ ಆಗ್ಲೇ ದುಡ್ಡು ಕೊಟ್ಟಿದ್ರೆ, ನಿಮಗೆ ಬಂದಿರೋ ಸ್ಕ್ರೀನ್‌ಶಾಟಲ್ಲಿ ಯಾವ ಗಾಡಿ ನಂಬರ್ ಇದೆ ಅಂತ ಇವತ್ತೇ ಕೇಳಿ.