ಟಿವಿಯದೇ ಸಿಸ್ಟಮ್, ಸ್ಟಿಕ್, ಆಪಲ್ ಬಾಕ್ಸ್: ಜಾಹೀರಾತಿನ ಕಾಟ ಎಲ್ಲಿ ಕಡಿಮೆ?

ಮೊದಲೇ ಹೇಳಿಬಿಡುತ್ತೇನೆ, ಟಿವಿಯಲ್ಲಿ ನೆಟ್‌ಫ್ಲಿಕ್ಸ್, ಯೂಟ್ಯೂಬ್ ನೋಡಲು ನನ್ನ ವೋಟು ಗೂಗಲ್ ಟಿವಿ ಎಂಬ ಸಾಫ್ಟ್‌ವೇರ್ ಇರುವ ನಾಲ್ಕೈದು ಸಾವಿರದ ಸ್ಟಿಕ್‌ಗೆ, ಅಂದರೆ ಟಿವಿಯ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಪುಟ್ಟ ಸಾಧನಕ್ಕೆ. ಜೊತೆಗೆ ಒಂದು ಷರತ್ತು: ಟಿವಿಗೆ ಮನೆಯ ವೈಫೈ ಪಾಸ್‌ವರ್ಡ್ ಕೊಡಲೇಬಾರದು. 4ಕೆ, ಡಾಲ್ಬಿ, ರ‍್ಯಾಮ್ ಲೆಕ್ಕ ಎಲ್ಲ ಡಬ್ಬದ ಮೇಲೇ ಬರೆದಿರುತ್ತದೆ. ನಾನು ನೋಡಿದ್ದು ಎರಡೇ: ರಿಮೋಟ್ ಒತ್ತಿದ ಮೇಲೆ ನಮಗೆ ಬೇಕಾದ್ದು ಶುರುವಾಗುವಷ್ಟರಲ್ಲಿ ಎಷ್ಟು ಜಾಹೀರಾತು ದಾಟಬೇಕು, ಮತ್ತು ನಾವೇನು ನೋಡುತ್ತೇವೆ ಎಂಬುದು ಯಾರ ಕೈಗೆ ಹೋಗುತ್ತದೆ.

ಟಿವಿಯೊಳಗೇ ಬರುವ ಸಿಸ್ಟಮ್ ಎರಡರಲ್ಲೂ ಸೋಲುತ್ತದೆ. ಕಾರಣ ಸರಳ, ಟಿವಿ ಮಾರಿದ ಮೇಲೂ ಕಂಪನಿಗೆ ದುಡ್ಡು ಬರುತ್ತಲೇ ಇರಬೇಕು. ಅಮೆರಿಕದ ವಿಜಿಯೊ ಕಂಪನಿಗೆ 2021ರ ಮೂರನೇ ತ್ರೈಮಾಸಿಕದಲ್ಲಿ ಟಿವಿ ಮಾರಿದ್ದಕ್ಕಿಂತ ಹೆಚ್ಚು ಲಾಭ ಬಂದದ್ದು ಜಾಹೀರಾತು ಮತ್ತು ಡೇಟಾದಿಂದ. ಅದೇ ಕಂಪನಿ ಗ್ರಾಹಕರನ್ನು ಕೇಳದೆ ಅವರ ವೀಕ್ಷಣೆಯ ಮಾಹಿತಿ ಸಂಗ್ರಹಿಸಿದ್ದಕ್ಕೆ 2017ರಲ್ಲಿ 22 ಲಕ್ಷ ಡಾಲರ್ ತೆತ್ತಿತ್ತು.

ಆ ಮಾಹಿತಿ ಸಂಗ್ರಹಕ್ಕೆ ಎಸಿಆರ್ ಎನ್ನುತ್ತಾರೆ. ಪರದೆಯ ಮೇಲಿನ ಚಿತ್ರ ಅಥವಾ ಸದ್ದಿನ ತುಣುಕನ್ನು ಟಿವಿ ಆಗಾಗ ಹಿಡಿದು, ಬೆರಳಚ್ಚಿನಂಥ ಒಂದು ಗುರುತು ಮಾಡಿ ಸರ್ವರ್‌ಗೆ ಕಳಿಸುತ್ತದೆ. ಅಲ್ಲಿರುವ ಭಂಡಾರದ ಜೊತೆ ತಾಳೆ ಹಾಕಿ ಇದು ಯಾವ ಕಾರ್ಯಕ್ರಮ ಎಂದು ಪತ್ತೆ ಮಾಡುತ್ತಾರೆ. ಸ್ಟಿಕ್ ಕೊಂಡವರು ಎಡವುವುದು ಇಲ್ಲೇ. ಟಿವಿಯ ಆ್ಯಪ್ ಮುಟ್ಟುವುದೇ ಇಲ್ಲ, ಇನ್ನೇನು ತೊಂದರೆ ಅಂದುಕೊಳ್ಳುತ್ತಾರೆ. 2024ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್, ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮುಂತಾದ ಕಡೆಯ ಸಂಶೋಧಕರು ಬ್ರಿಟನ್ ಮತ್ತು ಅಮೆರಿಕದಲ್ಲಿ ಸ್ಯಾಮ್‌ಸಂಗ್, ಎಲ್‌ಜಿ ಟಿವಿಗಳನ್ನು ಪರೀಕ್ಷಿಸಿದರು. ಕಂಡದ್ದು ಉಲ್ಟಾ: ಟಿವಿಯೊಳಗಿನ ನೆಟ್‌ಫ್ಲಿಕ್ಸ್, ಯೂಟ್ಯೂಬ್ ಓಡುವಾಗ ಎಸಿಆರ್ ಸುಮ್ಮನಿತ್ತು, ಆದರೆ ಎಚ್‌ಡಿಎಂಐಗೆ ಸಿಕ್ಕಿಸಿದ್ದನ್ನು ಗುರುತಿಸುತ್ತಿತ್ತು. ಸ್ಟಿಕ್ ಎಚ್‌ಡಿಎಂಐನಲ್ಲೇ ಕೂರುತ್ತದೆ, ಡಿಟಿಎಚ್ ಬಾಕ್ಸೂ ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದಾಗ ಆ ಮಾಹಿತಿ ರವಾನೆ ನಿಂತಿತು ಎಂಬುದೂ ಅದೇ ಪರೀಕ್ಷೆಯಲ್ಲಿ ಗೊತ್ತಾಯಿತು.

ಹಾಗಾಗಿ ಮೊದಲು ಅದನ್ನು ಆಫ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಪ್ರೈವಸಿ ಚಾಯ್ಸಸ್ ಒಳಗೆ 'ವ್ಯೂಯಿಂಗ್ ಇನ್‌ಫರ್ಮೇಷನ್ ಸರ್ವಿಸಸ್' ಎಂದಿರುತ್ತದೆ, ಎಲ್‌ಜಿಯಲ್ಲಿ ಅದರ ಹೆಸರು 'ಲೈವ್ ಪ್ಲಸ್'. ಹೆಸರಿನಲ್ಲಿ ಎಲ್ಲೂ ಜಾಹೀರಾತಿನ ಸುಳಿವಿಲ್ಲ, ಹುಡುಕುವವರಿಗೆ ಸಿಗದಿರುವುದೂ ಅದಕ್ಕೇ. ಆಮೇಲೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋಗಿ ವೈಫೈಯನ್ನು 'ಫರ್ಗೆಟ್' ಮಾಡಿ. ಹೊಸ ಟಿವಿಯಾದರೆ ಮೊದಲ ಸಲ ಆನ್ ಮಾಡುವಾಗಲೇ ನೆಟ್‌ವರ್ಕ್ ಹಂತವನ್ನು ಸ್ಕಿಪ್ ಮಾಡಿ. ಗೂಗಲ್ ಟಿವಿ ಒಳಗಿರುವ ಸೆಟ್‌ಗಳು 'ಬೇಸಿಕ್ ಟಿವಿ' ಎಂಬ ಆಯ್ಕೆಯನ್ನೇ ಕೊಡುತ್ತವೆ.

ನೆಟ್ ಕಿತ್ತ ಮೇಲೆ ಒಂದು ಕಿರಿಕಿರಿ ಉಳಿಯುತ್ತದೆ. ಆನ್ ಮಾಡಿದಾಗ ಟಿವಿ ತನ್ನ ಖಾಲಿ ಹೋಮ್ ಸ್ಕ್ರೀನಿಗೇ ಹೋಗಿ ನಿಲ್ಲುತ್ತದೆ, ಪ್ರತಿ ಸಲ ಎಚ್‌ಡಿಎಂಐ ಆರಿಸಬೇಕು. ಮನೆಯ ಹಿರಿಯರು ಸೋತು ಕೈಬಿಡುವುದು ಇಲ್ಲೇ. ಇದಕ್ಕೆ ಮದ್ದು ಸಿಇಸಿ, ಅಂದರೆ ಎಚ್‌ಡಿಎಂಐ ಮೂಲಕವೇ ಒಂದು ಸಾಧನ ಇನ್ನೊಂದಕ್ಕೆ ಆಜ್ಞೆ ಕೊಡುವ ಸೌಲಭ್ಯ. ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಅನ್ನುತ್ತದೆ, ಎಲ್‌ಜಿ ಸಿಂಪ್ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಟಿವಿ, ಸ್ಟಿಕ್ ಎರಡರಲ್ಲೂ ಆನ್ ಇದ್ದರೆ ಸ್ಟಿಕ್‌ನ ರಿಮೋಟ್ ಒತ್ತಿದೊಡನೆ ಟಿವಿ ಹತ್ತಿಕೊಂಡು ನೇರ ಸ್ಟಿಕ್‌ಗೇ ಬರುತ್ತದೆ, ಟಿವಿ ರಿಮೋಟನ್ನು ಡ್ರಾಯರ್‌ನಲ್ಲಿಡಬಹುದು. ಆದರೆ ಸ್ಟಿಕ್‌ಗೆ ಕರೆಂಟನ್ನು ಟಿವಿಯ ಯುಎಸ್‌ಬಿ ಕಿಂಡಿಯಿಂದ ಕೊಡಬೇಡಿ. ಯುಎಸ್‌ಬಿ 2.0 ಕಿಂಡಿಯ ಮಿತಿ 0.5 ಆ್ಯಂಪಿಯರ್, ಸ್ಟಿಕ್‌ಗೆ ಬೇಕಾದ್ದು 1 ಅಥವಾ ಅದಕ್ಕೂ ಹೆಚ್ಚು. ಸಿನಿಮಾ ನಡುವೆ ತಾನೇ ರೀಸ್ಟಾರ್ಟ್ ಆಗುವುದಕ್ಕೆ ಬಹಳ ಸಲ ಇದೇ ಕಾರಣ. ಅಲ್ಲದೆ ಟಿವಿ ಆಫ್ ಆದಾಗ ಯುಎಸ್‌ಬಿಯೂ ಆಫ್ ಆದರೆ ಮಲಗಿದ ಸ್ಟಿಕ್ ಟಿವಿಯನ್ನು ಎಬ್ಬಿಸಲಾರದು. ಡಬ್ಬದಲ್ಲಿ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ.

ಇನ್ನು ಫೈರ್ ಟಿವಿ ಸ್ಟಿಕ್. ರಿಮೋಟ್ ಚೆನ್ನಾಗಿದೆ, ಆಫರ್‌ನಲ್ಲಿ ಅಗ್ಗಕ್ಕೂ ಸಿಗುತ್ತದೆ. ಆದರೆ ಹೋಮ್ ಸ್ಕ್ರೀನಿನ ಅರ್ಧ ಭಾಗ ಜಾಹೀರಾತಿನ ಬ್ಯಾನರ್‌ನದು, ಅದರಲ್ಲಿ ವಿಡಿಯೊ ಸದ್ದು ಸಮೇತ ತಾನಾಗಿ ಓಡುತ್ತದೆ. ಪ್ರಿಫರೆನ್ಸಸ್ ಒಳಗಿನ 'ಫೀಚರ್ಡ್ ಕಂಟೆಂಟ್'ನಲ್ಲಿ ವಿಡಿಯೊ, ಆಡಿಯೊ ಎರಡರ ಆಟೊಪ್ಲೇಯನ್ನೂ ಆಫ್ ಮಾಡಿದರೆ ಸದ್ದಡಗುತ್ತದೆ, ಬ್ಯಾನರ್ ಹೋಗುವುದಿಲ್ಲ.

ಗೂಗಲ್ ಟಿವಿ ಗೆಲ್ಲುವುದು ಅಲ್ಲೇ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ಒಳಗೆ ನಿಮ್ಮ ಹೆಸರು ಒತ್ತಿ 'ಆ್ಯಪ್ಸ್ ಓನ್ಲಿ ಮೋಡ್' ಆನ್ ಮಾಡಿದರೆ ಶಿಫಾರಸುಗಳ ಸಾಲುಗಳೆಲ್ಲ ಮಾಯ. ಮೇಲೊಂದು ಬ್ಯಾನರ್, ಕೆಳಗೆ ನಿಮ್ಮ ಆ್ಯಪ್‌ಗಳು, ಅಷ್ಟೇ. ಬದಲಿಗೆ ಅಸಿಸ್ಟೆಂಟಿನ ಧ್ವನಿ ಹುಡುಕಾಟ ಮತ್ತು ವಾಚ್‌ಲಿಸ್ಟ್ ಬಿಟ್ಟುಕೊಡಬೇಕು. ನನಗೆ ಅದರ ಕೊರತೆ ಕಾಣಲಿಲ್ಲ. ಫೋನಿನ ಯೂಟ್ಯೂಬಿನಲ್ಲಿ ಕನ್ನಡದಲ್ಲೇ ಟೈಪಿಸಿ ಹುಡುಕಿ ಕಾಸ್ಟ್ ಮಾಡುವ ಅಭ್ಯಾಸ ನನ್ನದು, ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತುವುದಕ್ಕಿಂತ ಅದೇ ಬೇಗ. ಆ ಒಂದು ಬ್ಯಾನರೂ ಬೇಡವೆನ್ನುವವರು ಪ್ಲೇ ಸ್ಟೋರಿನಿಂದ ಹೋಮ್ ಸ್ಕ್ರೀನನ್ನೇ ಬದಲಿಸುವ 'ಪ್ರಾಜೆಕ್ಟಿವಿ ಲಾಂಚರ್' ಆ್ಯಪ್ ಹಾಕಿಕೊಳ್ಳಬಹುದು.

ಎರಡು ಸಾವಿರಕ್ಕೆ ಸಿಗುವ ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್ ಬೇಡವೇ ಬೇಡ. ವಿಡಿಯೊ ನಕಲು ತಡೆಯುವ ವ್ಯವಸ್ಥೆಯ ಮೇಲಿನ ಹಂತವಾದ ವೈಡ್‌ವೈನ್ ಎಲ್1 ಇರದಿದ್ದರೆ ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಬರುವುದಿಲ್ಲ. ಇಂಥ ಸಾಧನಗಳಲ್ಲಿ ಮೊದಲೇ ತುಂಬಿಸಿಟ್ಟ ಬ್ಯಾಡ್‌ಬಾಕ್ಸ್ 2.0 ಮಾಲ್‌ವೇರ್ ಬಗ್ಗೆ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಸಿತ್ತು.

ಆಪಲ್ ಟಿವಿ 4ಕೆ ಎಲ್ಲಕ್ಕಿಂತ ಶುಚಿ. ಹೋಮ್ ಸ್ಕ್ರೀನಿನಲ್ಲಿ ಕಾಣುವ ಪ್ರಚಾರವೆಂದರೆ ಆಪಲ್‌ನ ಸ್ವಂತ ಕಾರ್ಯಕ್ರಮಗಳದ್ದು, ಅದೂ ಅವರ ಟಿವಿ ಆ್ಯಪ್ ಮೇಲಿನ ಸಾಲಿನಲ್ಲಿದ್ದು ಅದರ ಮೇಲೆ ನಿಂತಾಗ ಮಾತ್ರ. ಆದರೆ 2022ರ ಮಾದರಿ ನಮ್ಮಲ್ಲಿ ಶುರುವಾದದ್ದೇ 14,900 ರೂಪಾಯಿಗೆ, ಎಚ್‌ಡಿಎಂಐ ಕೇಬಲ್ ಬೇರೆ ಕೊಳ್ಳಬೇಕು.

ಆ ಹತ್ತು ಸಾವಿರದ ವ್ಯತ್ಯಾಸವನ್ನು ನಾನು ಆ್ಯಪ್ ಒಳಗಿನ ಜಾಹೀರಾತಿಗೆ ಎತ್ತಿಡುತ್ತೇನೆ, ಏಕೆಂದರೆ ಅದನ್ನು ಯಾವ ಬಾಕ್ಸೂ ತಡೆಯುವುದಿಲ್ಲ. 2025ರ ಜೂನ್ 17ರಿಂದ ಪ್ರೈಮ್ ವಿಡಿಯೊದಲ್ಲೂ ಜಾಹೀರಾತು ಶುರುವಾಗಿದೆ. ಅದನ್ನು ತೆಗೆಸಲು ಇಟ್ಟ ದರ ವರ್ಷಕ್ಕೆ 699 ರೂಪಾಯಿ. ಯೂಟ್ಯೂಬ್ ಪ್ರೀಮಿಯಂ 2024ರಲ್ಲಿ ಏರಿದ ದರದಂತೆ ತಿಂಗಳಿಗೆ 149, ವರ್ಷಕ್ಕೆ 1,788. ಎರಡೂ ಸೇರಿ 2,487. ಆಪಲ್ ಬಾಕ್ಸಿಗೆ ಹಾಕುವ ಹೆಚ್ಚಿನ ದುಡ್ಡಿನಲ್ಲಿ ಸುಮಾರು ನಾಲ್ಕು ವರ್ಷ ಎರಡನ್ನೂ ಜಾಹೀರಾತಿಲ್ಲದೆ ನೋಡಬಹುದು.