ಭತ್ತಕ್ಕೆ ಸಿಲಿಕಾನ್: ಹೊಟ್ಟಿನ ಬೂದಿ, ಸ್ಲ್ಯಾಗ್ ಪುಡಿ, ಸಿಂಪರಣೆ

ತೀರ್ಥಹಳ್ಳಿ ಸೀಮೆಯ ನಮ್ಮ ಗದ್ದೆಯದು ಹುಳಿ ಮಣ್ಣು. ವರ್ಷವರ್ಷವೂ ಸುರಿಯುವ ಮಳೆ ಮಣ್ಣಿನಲ್ಲಿ ಕರಗಿರುವ ಸಿಲಿಕಾನನ್ನೂ ತೊಳೆದೊಯ್ಯುತ್ತದೆ. ಮರಳೆಂದರೇ ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕದ ಸಂಯುಕ್ತ, ಆಗಿರುವಾಗ ಅದಕ್ಕೆ ಕೊರತೆಯೆಲ್ಲಿಂದ ಎಂದು ಕೇಳಬಹುದು. ಆದರೆ ಬೇರು ಹೀರುವುದು ನೀರಿನಲ್ಲಿ ಕರಗಿದ ಸಿಲಿಸಿಕ್ ಆಮ್ಲವನ್ನೇ ಹೊರತು ಮರಳನ್ನಲ್ಲ. ಹೆಕ್ಟೇರಿಗೆ 5 ಟನ್ ಇಳುವರಿ ಕೊಡುವ ಭತ್ತದ ಬೆಳೆ 230ರಿಂದ 470 ಕಿಲೋ ಸಿಲಿಕಾನ್ ಹೀರುತ್ತದೆ; ಅದು ಅದೇ ಬೆಳೆ ತೆಗೆದುಕೊಳ್ಳುವ ಸಾರಜನಕಕ್ಕಿಂತಲೂ ಹೆಚ್ಚು.

ಅರ್ಧ ಎಕರೆ ಗದ್ದೆಯನ್ನು 5 ಗುಂಟೆಯ ನಾಲ್ಕು ಪಾಲು ಮಾಡಿ, ಶಿಲೀಂಧ್ರದಿಂದ ಬರುವ ಬೆಂಕಿ ರೋಗಕ್ಕೆ ಬೇಗ ತುತ್ತಾಗುವ ಬಿಪಿಟಿ-5204 ತಳಿಯನ್ನು ತಿಳಿದೇ ಆರಿಸಿಕೊಂಡು, ಎರಡು ಮುಂಗಾರು ಹೋಲಿಸಿ ನೋಡಿದೆ. ಒಂದು ಪಾಲಿಗೆ 100 ಕಿಲೋ ಭತ್ತದ ಹೊಟ್ಟಿನ ಬೂದಿ, ಇನ್ನೊಂದಕ್ಕೆ ಅಷ್ಟೇ ತೂಕದ ಕ್ಯಾಲ್ಸಿಯಂ ಸಿಲಿಕೇಟ್ ಸ್ಲ್ಯಾಗ್ (ಕಬ್ಬಿಣ-ಉಕ್ಕಿನ ಕಾರ್ಖಾನೆಯಲ್ಲಿ ಉಳಿಯುವ ಕಿಟ್ಟ) ಪುಡಿ, ಮೂರನೆಯದಕ್ಕೆ ಸಿಲಿಸಿಕ್ ಆಮ್ಲದ ಮೂರು ಸಿಂಪರಣೆ. ನಾಲ್ಕನೆಯದಕ್ಕೆ ಏನೂ ಇಲ್ಲ, ಅದು ಬರಿ ಪಾಲು. ಗೊಬ್ಬರ ಎಲ್ಲಕ್ಕೂ ಒಂದೇ.

ಮೊದಲ ವರ್ಷದ ಬೂದಿಯ ಲೆಕ್ಕವನ್ನು ನಾನೇ ಕೆಡಿಸಿಕೊಂಡೆ. ನಾಟಿಯಾದ ಮೇಲೆ ಎರಚಿದ ಬೂದಿ ನೀರಿನ ಮೇಲೆ ತೇಲಿ, ಅಂಚಿನ ತೂಬಿನಿಂದ ಕೆಳಗಿನ ಬರಿ ಪಾಲಿಗೇ ಹರಿದು ನಿಂತಿತು. ಅಲ್ಲದೆ ಆ ಬೂದಿ ಗಿರಣಿಯ ಬಾಯ್ಲರಿನದು. ಹೆಚ್ಚು ಕಾವಿನಲ್ಲಿ ಉರಿದ ಹೊಟ್ಟಿನ ಸಿಲಿಕಾ ಹರಳುಗಟ್ಟುತ್ತದೆ. ಹರಳಾದದ್ದು ಬೇಗ ಕರಗುವುದಿಲ್ಲ. ಎರಡನೆಯ ವರ್ಷ ಹೊಟ್ಟನ್ನು ಕಣದ ಮೂಲೆಯಲ್ಲಿ ರಾಶಿ ಹಾಕಿ, ಜ್ವಾಲೆ ಏಳದಂತೆ ಎರಡು ದಿನ ನಿಧಾನವಾಗಿ ಸುಟ್ಟು, ಸಿಕ್ಕ ಕಪ್ಪು ಬೂದಿಯನ್ನು ಕೆಸರು ಉಳುಮೆಯಲ್ಲೇ ಮಣ್ಣಿಗೆ ಸೇರಿಸಿದೆ. ಎರಡು ವರ್ಷದ ಪೈರನ್ನು ನೋಡಿದವರು ಎರಡೂ ಸಲ ಹಾಕಿದ್ದು ಹೊಟ್ಟಿನ ಬೂದಿಯೇ ಎಂದು ಹೇಳಲಾರರು.

ಸ್ಲ್ಯಾಗಿನ ಪಾಲು ಎರಡೂ ವರ್ಷ ಎದ್ದು ಕಂಡಿತು. ಎಲೆಗಳು ಜೋಲದೆ ಸೆಟೆದು ನಿಂತದ್ದರಿಂದ ಬುಡದವರೆಗೆ ಬಿಸಿಲು ಇಳಿಯುತ್ತಿತ್ತು, ತೆಂಡೆಗಳೂ ಹೆಚ್ಚು. ಆದರೆ ಈ ಶ್ರೇಯಸ್ಸನ್ನೆಲ್ಲ ಸಿಲಿಕಾನಿಗೇ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ. ಸ್ಲ್ಯಾಗ್ ಸುಣ್ಣದಂತೆ ಮಣ್ಣಿನ ಹುಳಿಯನ್ನೂ ತಗ್ಗಿಸುತ್ತದೆ. ಬರೀ ಸುಣ್ಣ ಹಾಕಿದ ಐದನೆಯ ಪಾಲೊಂದನ್ನು ಇಟ್ಟಿದ್ದರೆ ಮಾತ್ರ ಎರಡನ್ನೂ ಬೇರ್ಪಡಿಸಿ ಹೇಳಬಹುದಿತ್ತು.

ಸಿಂಪರಣೆಯ ವಿಷಯದಲ್ಲಿ ಲೆಕ್ಕವನ್ನು ನೇರವಾಗಿ ಇಡಬೇಕು. 5 ಗುಂಟೆಯ ಪೈರಿಗೆ ಸುಮಾರು 12ರಿಂದ 24 ಕಿಲೋ ಸಿಲಿಕಾನ್ ಬೇಕಾದರೆ, ಬೆನ್ನಿನ ಪಂಪಿನಿಂದ ಮೂರು ಬಾರಿ ಸಿಂಪಡಿಸಿದ್ದರಲ್ಲಿ ಸೇರಿದ್ದು ಗ್ರಾಂಗಳಲ್ಲಿ ಎಣಿಸುವಷ್ಟು. ಮಣ್ಣಿನ ಕೊರತೆಯನ್ನು ಅದು ತುಂಬುತ್ತದೆನ್ನುವ ಅಂಗಡಿಯವರ ಮಾತನ್ನು ಹಾಗಾಗಿ ನಂಬಲಾಗದು. ಆದರೂ ಆ ಪಾಲಿನ ಎಲೆಗಳಲ್ಲಿ ಬೆಂಕಿ ರೋಗದ ಕದಿರಿನಾಕಾರದ ಚುಕ್ಕೆಗಳು ಬರಿ ಪಾಲಿಗಿಂತ ಕಡಿಮೆಯಿದ್ದವು. ಗಿಡದ ರಕ್ಷಣೆಯನ್ನು ಎಚ್ಚರಿಸುವ ಕೆಲಸ ಅದರಿಂದ ಆಗುತ್ತಿರಬಹುದು. ತೆನೆಯ ಬುಡಕ್ಕೆ ತಗಲುವ ಕುತ್ತಿಗೆ ಬೆಂಕಿಗೆ ಮಾತ್ರ ಅದು ಸಾಲಲಿಲ್ಲ.

ನಿಜವಾದ ಪರೀಕ್ಷೆಯಾದದ್ದು ಎರಡನೆಯ ವರ್ಷ ತೆನೆ ಬಲಿಯುವಾಗ ರಾತ್ರಿಯಿಡೀ ಬಡಿದ ಗಾಳಿಮಳೆಯಲ್ಲಿ. ಬೆಳಿಗ್ಗೆ ನೋಡಿದರೆ ಬರಿ ಪಾಲು ಪೂರ್ತಿ ನೆಲಕಚ್ಚಿತ್ತು, ಸಿಂಪರಣೆಯದು ಅರ್ಧ ಮಲಗಿತ್ತು. ಬೂದಿ ಮತ್ತು ಸ್ಲ್ಯಾಗಿನ ಪಾಲುಗಳು ಒಂದು ಕಡೆಗೆ ವಾಲಿದ್ದರೂ ಮಧ್ಯಾಹ್ನದ ಹೊತ್ತಿಗೆ ತಲೆಯೆತ್ತಿದವು. ಬುಡದ ಗೆಣ್ಣನ್ನು ಬೆರಳಿನಲ್ಲಿ ಹಿಸುಕಿದಾಗ ಬರಿ ಪಾಲಿನ ಕಾಂಡ ಚಪ್ಪಟೆಯಾಯಿತು. ಬೂದಿಯದು ಒತ್ತಿದರೂ ಮಣಿಯದೆ ಕೊನೆಗೆ ಚಟ್ಟೆಂದು ಸೀಳಿತು.

ಖರ್ಚು ನೋಡಿದರೆ ನನಗೆ ಬೂದಿಯೇ ಒಪ್ಪಿಗೆ. ಸ್ಲ್ಯಾಗಿನ ಸಾಗಾಣಿಕೆ ದುಬಾರಿ. ಹುಳಿ ತೀರ ಹೆಚ್ಚಿರುವ ಗದ್ದೆಗೆ ಮಾತ್ರ ಅದು ಸರಿ. ಬೂದಿಗೂ ಒಂದು ತಕರಾರಿದೆ. ಕೊಯ್ಲಿಗೆ ಬಂದ ಹೆಂಗಸರಲ್ಲಿ ಒಬ್ಬರು, "ಈ ಪಾಲಿನ ಗರಿ ಕೈ ಕೊಯ್ತದೆ, ಅಣ್ಣಾ" ಎಂದು ಅಂಗೈ ತೋರಿಸಿದರು. ಆ ಹುಲ್ಲನ್ನು ಕೊಟ್ಟಿಗೆಯಲ್ಲಿ ಹಾಕಿದಾಗ ಹಸು ಮೆತ್ತಗಿನ ಗರಿಗಳನ್ನಷ್ಟೇ ಆರಿಸಿ ತಿಂದು, ಗಟ್ಟಿ ಕಾಂಡಗಳನ್ನು ಮೂತಿಯಿಂದ ಪಕ್ಕಕ್ಕೆ ತಳ್ಳಿತು.